ಮಿಲ್ಲಿನ ಗುಂಡಿಯಿಂದ ಕೊಟ್ಟ ಒಂದು ರಿಂಗು

ಭತ್ತದ ಮಿಲ್ಲಿನೊಳಗೆ ಮಾತು ನಡೆಯುವುದಿಲ್ಲ. ಜರಡಿ, ಪಾಲಿಶ್ ಮಿಷನ್ನು, ಎಲಿವೇಟರ್ ಎಲ್ಲ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವನು ಬೈದರೂ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಬೈಗುಳ ಕೇಳಿಸುವುದಿಲ್ಲ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯ ಆ ಮಿಲ್ಲಿನಲ್ಲಿ ಜನ ಫೋನನ್ನು ಮಾತಾಡುವುದಕ್ಕಿಂತ ಹೆಚ್ಚಾಗಿ ರಿಂಗು ಕೊಡುವುದಕ್ಕೆ ಬಳಸುತ್ತಿದ್ದದ್ದು ಇದರಿಂದಲೇ.

ಭತ್ತ ಸುರಿಯುವ ಗುಂಡಿ ಮಿಲ್ಲಿನ ಈ ತುದಿಗೆ. ಮೋಟಾರುಗಳ ಸ್ವಿಚ್ಚುಗಳಿರುವ ಪ್ಯಾನೆಲ್ ರೂಮು ಆ ತುದಿಗೆ. ಗುಂಡಿಯ ತಳದಲ್ಲಿ ಎಲಿವೇಟರಿನ ಬೆಲ್ಟು ತಿರುಗುತ್ತದೆ. ಅದಕ್ಕೆ ಕಟ್ಟಿದ ಬಕೆಟ್ಟುಗಳು ಭತ್ತ ಮೊಗೆದುಕೊಂಡು ಮೇಲಕ್ಕೆ ಹೋಗುತ್ತವೆ. ಹುಲ್ಲೋ ಗೋಣಿದಾರವೋ ಹೆಂಟೆಯೋ ಬಂದರೆ ಬೆಲ್ಟು ಕಚ್ಚಿಕೊಳ್ಳುತ್ತದೆ. ಆಗ ಒಬ್ಬರು ಕೆಳಗಿಳಿದು ಕೈಹಾಕಿ ಬಿಡಿಸಬೇಕು, ಜೊತೆಯವರು ಮೇಲೆ ಫೋನಿನ ಹತ್ತಿರ ನಿಲ್ಲಬೇಕು. ಪ್ಯಾನೆಲ್ ರೂಮಿಗೆ ಒಂದು ರಿಂಗು ಕೊಟ್ಟು ಇಟ್ಟರೆ ‘ನಿಲ್ಲಿಸು’ ಎಂದು. ಬಿಡದೆ ಎರಡು ಬಡಿಯಲು ಬಿಟ್ಟು ಇಟ್ಟರೆ ‘ಓಡಿಸು’ ಎಂದು. ಬಿಡಿಸುವ ಕೆಲಸ ತಡವಾದರೆ ನಡುನಡುವೆ ಮತ್ತೆ ಒಂದೊಂದು ರಿಂಗು ಕೊಡುತ್ತಿರಬೇಕು. ‘ಇನ್ನೂ ಒಳಗಿದ್ದಾರೆ, ಮುಟ್ಟಬೇಡ’ ಎಂದು ಅದರ ಅರ್ಥ. ಇದನ್ನು ಯಾರೂ ಕಟ್ಟಳೆ ಮಾಡಿದ್ದಲ್ಲ, ಕೆಲಸ ಮಾಡುವವರು ತಾವೇ ಮಾಡಿಕೊಂಡದ್ದು. ಗುಂಡಿಯ ಹತ್ತಿರವೇ ಒಂದು ಸ್ವಿಚ್ಚು ಹಾಕಿಸಿದ್ದರೆ ಇದೆಲ್ಲ ಬೇಕಿರಲಿಲ್ಲ. ರಿಂಗು ಇದೆಯಲ್ಲ ಎಂದು ಮಾಲೀಕರು ಹಾಕಿಸಲಿಲ್ಲ.

ಆ ಮಿಲ್ಲಿನ ಫೋನಿನ ಲೈನು ಎಳೆದವನು ನಾನು. ಏಳನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ಆದರೆ ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಎಳೆ ಸಿಕ್ಕಾಗದಂತೆ ಎಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ನಾನು ಹಾಕಿದ ಜೋಡಿ ತಾಮ್ರದ ವೈರು ಇಲಿ ಕಡಿಯದಂತೆ ಪೈಪಿನೊಳಗೆ, ಧೂಳಿಗೆ ಸಿಗದಂತೆ ಮೇಲ್ಗೋಡೆಯಲ್ಲಿ ಇತ್ತು. ಆಫೀಸಿನ ಗೋಡೆಗೆ ಇಂಟರ್‌ಕಾಮಿನ ಪೆಟ್ಟಿಗೆ. ಎಷ್ಟೋ ಸುಗ್ಗಿ ಕಳೆದರೂ ಒಂದು ದಿನ ದೂರು ಬಂದಿರಲಿಲ್ಲ. ಅದನ್ನೇ ಕಿತ್ತುಹಾಕಲು ಮಾಲೀಕರು ನನ್ನನ್ನೇ ಕರೆಸಿದರು.

ಅವರಿಗೆ ಹನೂರಿನಲ್ಲಿ ರಾಗಿ, ಜೋಳ ಕೊಳ್ಳುವ ಗೋಡೌನು ಇದೆ. ಮನೆ ಕೊಳ್ಳೇಗಾಲದಲ್ಲಿ. ಮೂರೂ ಕಡೆ ಒಂದೇ ಇಂಟರ್‌ಕಾಮಿನಂತೆ ಆಗಬೇಕು, ತಮ್ಮ ಮೊಬೈಲಿಗೂ ಅದೇ ಕಾಲ್ ಬರಬೇಕು ಎಂದು ಆಸೆ. ಮೈಸೂರಿನ ಒಂದು ಕಂಪನಿಗೆ ಹೇಳಿ ಇಂಟರ್‌ನೆಟ್ ಫೋನು ತರಿಸಿದ್ದರು. ಕಂಪನಿಯ ಎಂಜಿನಿಯರು ಫೋನುಗಳನ್ನು ಸೆಟ್ ಮಾಡುವುದು, ನಾನು ಕೇಬಲ್ ಎಳೆಯುವುದು. ಸುಗ್ಗಿಗೆ ಮುಂಚೆ ಮಿಲ್ಲಿನದು, ಆಮೇಲೆ ಹನೂರಿನದು.

ಇಂಟರ್‌ನೆಟ್ಟಿನಲ್ಲಿ ಮಾತಾಡುವುದು ನನಗೆ ಹೊಸದಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಗಳು ಬಂದ ಕಾಲದಲ್ಲಿ ಅಲ್ಲಿಗೂ ನಾನೇ ಲೈನು ಎಳೆದಿದ್ದೆ. ಜನ ತಲೆಗೆ ಹೆಡ್‌ಫೋನಿನ ಪಟ್ಟಿ ಹಾಕಿಕೊಂಡು ದುಬೈನಲ್ಲಿದ್ದವರ ಜೊತೆ ಮಾತಾಡುವರು. ‘ಊಟ ಆಯ್ತಾ’ ಎಂದು ಇಲ್ಲಿ ಕೇಳಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಇವರು ಇನ್ನೇನೋ ಕೇಳಿ, ಎರಡೂ ದನಿ ಡಿಕ್ಕಿ ಹೊಡೆಯುತ್ತಿದ್ದವು. ಟೆಲಿಫೋನ್ ಲೈನಿನ ಮೇಲೆ ಇಂಟರ್‌ನೆಟ್ಟು ತೆವಳುತ್ತಿದ್ದ ಕಾಲ ಅದು. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು, ಗಾಜಿನ ಎಳೆಯ ಕೇಬಲ್ ಬಂತು, ಎಲ್ಲರ ಮೊಬೈಲಿನಲ್ಲೂ ಇಂಟರ್‌ನೆಟ್ ಕಾಲ್ ಬಂತು. ಅಂಗಡಿಗಳು ಮುಚ್ಚಿದವು. ಈಗ ದನಿ ಎದುರಿಗೆ ಕೂತಂತೆ ಕೇಳಿಸುತ್ತದೆ.

ಎಂಜಿನಿಯರು ಒಳ್ಳೆಯ ಮನುಷ್ಯ. ಚಹಾ ಕುಡಿಯುವಾಗ ಕೇಳಿದ್ದಕ್ಕೆಲ್ಲ ಹೇಳಿದರು.

“ನಿಮ್ಮ ತಾಮ್ರದ ಲೈನಲ್ಲಿ ದನಿಯೇ ಕರೆಂಟಾಗಿ ಹೋಗುತ್ತೆ ಅಣ್ಣ. ಇದರಲ್ಲಿ ದನೀನ ಚೂರು ಚೂರು ಮಾಡಿ, ಒಂದೊಂದು ಚೂರಿಗೂ ನಂಬರ್ ಹಾಕಿ, ಯಾರಿಗೆ ಅಂತ ಬರೆದು ಬಿಡ್ತೀವಿ. ಆ ಕಡೆ ಫೋನು ನಂಬರ್ ಪ್ರಕಾರ ಜೋಡಿಸ್ಕೊಳುತ್ತೆ.”

“ದಾರೀಲಿ ಕಳೆದೋದ್ರೆ?”

“ಒಂದೆರಡು ಕಳೆದ್ರೆ ಕಿವಿಗೆ ಗೊತ್ತೇ ಆಗಲ್ಲ. ಮಾತಲ್ಲಿ ಅಷ್ಟು ನಡೆಯುತ್ತೆ.”

“ಗುಂಡಿಯಿಂದ ಪ್ಯಾನೆಲ್ ರೂಮಿಗೆ ಮಾಡುದ್ರೂ ಹಿಂಗೇನಾ?”

“ಹಿಂಗೇ. ಮೊದಲು ನಮ್ಮ ಸರ್ವರ್‌ಗೆ ಹೋಗಿ ಕೇಳುತ್ತೆ, ಅದು ಪ್ಯಾನೆಲ್ ರೂಮಿಗೆ ಹೇಳುತ್ತೆ.”

ಸರ್ವರ್ ಎಂದರೆ ಎಲ್ಲೋ ದೂರದ ಊರಿನಲ್ಲಿರುವ ಕಂಪ್ಯೂಟರು. ಕೂಗಿದರೆ ಕೇಳಿಸುವಷ್ಟು ದೂರದ ರೂಮಿಗೆ ಫೋನು ಅಷ್ಟು ದೂರ ಸುತ್ತಿ ಬರುತ್ತದೆ ಎಂಬುದು ನನಗೆ ತಮಾಷೆಯಾಗಿ ಕಂಡಿತು. ಮಿಲ್ಲಿಗೆ ಕೇಬಲ್ ಇರಲಿಲ್ಲ. ಚಾವಣಿಯ ಮೇಲೆ ತಟ್ಟೆ ನಿಲ್ಲಿಸಿ ಗಾಳಿಯಲ್ಲಿ ಇಂಟರ್‌ನೆಟ್ ತಂದಿದ್ದರು. ಕಾವಲಿನ ಕ್ಯಾಮೆರಾಗಳೂ ಅದೇ ಇಂಟರ್‌ನೆಟ್ಟಿನಲ್ಲಿ ಓಡುತ್ತಿದ್ದವು.

ಗುಂಡಿಯ ಕೆಲಸಕ್ಕಿದ್ದವರು ಕೌದಳ್ಳಿ ಕಡೆಯ ಗಂಡ ಹೆಂಡತಿ. ಮಿಲ್ಲಿನ ಹಿಂದಿನ ಶೆಡ್ಡಿನಲ್ಲೇ ಸಂಸಾರ. ಗಂಡ ಗುಂಡಿಗಿಳಿಯುವುದು, ಹೆಂಡತಿ ರಿಂಗು ಕೊಡುವುದು. ಹೊಸ ಫೋನು ಗೋಡೆಗೆ ಕೂರಿಸುವಾಗ ಆಕೆ ಹತ್ತಿರ ಬಂದು ನೋಡಿದಳು.

“ಅಣ್ಣ, ಇದ್ರಲ್ಲಿ ಮಕ ಕಾಣ್ತದಾ?”

“ಇಲ್ಲ ಕನವ್ವ, ಬರೀ ನಂಬರು.”

“ಒಳ್ಳೇದಾಯ್ತು ಬುಡಿ. ಇವ್ನ ಮಕ ನೋಡಿ ನೋಡಿ ಸಾಕಾಗೋಗದೆ.”

ಗಂಡ ಗುಂಡಿಯ ಅಂಚಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. “ನಿನ್ ಮಕ ಕಾಣಂಗಿದ್ರೆ ಆ ಫೋನ ಯಾರೂ ಕೊಳ್ಳಕಿಲ್ಲ ಕಣಮ್ಮಿ,” ಎಂದ.

ಎಲ್ಲ ಫೋನನ್ನೂ ಪರೀಕ್ಷೆ ಮಾಡಿದೆವು. ಪರೀಕ್ಷೆ ಎಂದರೆ ಹಲೋ ಹಲೋ ಎನ್ನುವುದು. ಲೋಕದಲ್ಲಿ ಯಾರೇ ಆಗಲಿ ಫೋನನ್ನು ಪರೀಕ್ಷೆ ಮಾಡುವುದು ಹಾಗೆಯೇ. ಪ್ಯಾನೆಲ್ ರೂಮಿನ ಫೋನಿಗೆ ಜೋರು ಸದ್ದಿನ ಹಾರ್ನು ಜೋಡಿಸಿದೆವು. ರಿಂಗು ಕೊಟ್ಟರೆ ಅದು ಬಡಿದುಕೊಂಡಿತು. ಮಾಲೀಕರು ಹನೂರಿನಿಂದ ಒಂದು ಸಲ, ಮನೆಯಿಂದ ಒಂದು ಸಲ ಮಾತಾಡಿ ಖುಷಿಯಾದರು. ಹಳೆಯ ವೈರನ್ನು ಬಿಚ್ಚಿ, ಸುತ್ತಿ, ಮೂಲೆಗೆ ಹಾಕಿದೆ.

ಗುಂಡಿಯವನ ಕೈ ಹೋದದ್ದು ಸುಗ್ಗಿಯ ನಡುವೆ, ಹಾಡಹಗಲು. ಆ ಹೊತ್ತು ನಾನು ಹನೂರಿನ ಗೋಡೌನಿನಲ್ಲಿ ಏಣಿಯ ಮೇಲಿದ್ದೆ. ಮಾರನೆಯ ದಿನ ಮಿಲ್ಲಿಗೆ ಹೋದಾಗ ಕೇಳಿದ್ದು ಇಷ್ಟು. ಬೆಲ್ಟು ಕಚ್ಚಿಕೊಂಡಿತು. ಆಕೆ ಒಂದು ರಿಂಗು ಕೊಟ್ಟಳು, ಬೆಲ್ಟು ನಿಂತಿತು, ಗಂಡ ಇಳಿದ. ಗೋಣಿದಾರ ಬಕೆಟ್ಟಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ತಡವಾಯಿತು. ಪದ್ಧತಿಯಂತೆ ಆಕೆ ಮತ್ತೆ ರಿಂಗು ಕೊಟ್ಟಳು. ಬೆಲ್ಟು ಓಡಿತು. ಬಲಗೈ ಮಣಿಕಟ್ಟಿನವರೆಗೂ ಉಳಿಯಲಿಲ್ಲ.

“ಎರಡು ಬಡೀತು ಸಾ, ಅದ್ಕೇ ಆನ್ ಮಾಡ್ದೆ,” ಎಂದ ಪ್ಯಾನೆಲ್ ರೂಮಿನವನು. ಎಲ್ಲರೆದುರಿಗೂ ಅದನ್ನೇ ಹೇಳಿದ. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು.

“ನಾ ಕೊಟ್ಟಿದ್ದು ಒಂದೇಯ,” ಎಂದಳು ಆಕೆ. “ಕಿವೀಲಿ ಒಂದ್ ದಪ ಕೇಳುಸ್ತು, ನಾ ಇಟ್ಬುಟ್ಟಿ.”

ಮಾಲೀಕರು ನನಗೆ ಫೋನು ನೋಡು ಎಂದರು. ಗುಂಡಿಯಿಂದ ಮಾತಾಡಿದೆ, ಪ್ಯಾನೆಲ್ ರೂಮಿನಿಂದ ಮಾತಾಡಿದೆ. ದನಿ ನೀರಿನಂತೆ ಬಂತು. ನಾನು ರಿಸೀವರ್ ಇಡುವ ಮೊದಲೇ ಮಾಲೀಕರು ಜನರ ಕಡೆ ತಿರುಗಿದ್ದರು. “ನೋಡುದ್ರೇನ್ರಪ್ಪ, ಫೋನು ಸರಿಯಾಗೇ ಅದೆ.”

ಅಲ್ಲಿಗೆ ತೀರ್ಮಾನವಾಯಿತು. ಗಾಬರಿಯಲ್ಲಿ ಎರಡು ಕೊಟ್ಟಿದ್ದಾಳೆ, ಹೆಂಗಸು, ಪಾಪ, ಎಂದರು ಮರ್ಯಾದಸ್ಥರು. ಗಂಡನ ಕೈ ನುಂಗಿದವಳು ಎಂದರು ಉಳಿದವರು. ಮೈಸೂರಿನ ಆಸ್ಪತ್ರೆಯಿಂದ ಬಂದ ಮೇಲೆ ಗಂಡ ಶೆಡ್ಡಿಗೆ ಕಾಲಿಡಲಿಲ್ಲ. ಮಾಲೀಕರ ಕಾರಿನಲ್ಲೇ ಕೂತು, ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಬರುವವರೆಗೂ ನೇರ ಮುಂದಕ್ಕೆ ನೋಡುತ್ತಿದ್ದನಂತೆ. ಇಬ್ಬರೂ ಕೌದಳ್ಳಿಗೆ ಹೋದರು. ಗುಂಡಿಗೆ ಬೇರೆ ಜೋಡಿ ಬಂತು.

ಸುಗ್ಗಿ ಇಳಿಯುವ ಹೊತ್ತಿಗೆ ಇಲಿ ಕಡಿದ ಕೇಬಲ್ ಬದಲಿಸಲು ನನ್ನನ್ನು ಮತ್ತೆ ಕರೆದರು. ಗುಂಡಿಯವರು ಊಟಕ್ಕೆ ಹೋಗಿದ್ದರು, ಬೆಲ್ಟು ಖಾಲಿ ಓಡುತ್ತಿತ್ತು. ಅದರ ಪಕ್ಕ ಏಣಿ ಇಡಬೇಕಿತ್ತು. ಒಂದು ರಿಂಗು ಕೊಟ್ಟೆ. ನಿಂತಿತು. ಏಣಿ ಹತ್ತಿ, ಕೇಬಲ್ ಕೂರಿಸಿ, ಇಳಿದೆ. ಇನ್ನೊಂದು ಕಡೆ ಹತ್ತಬೇಕಿತ್ತು. ಪ್ಯಾನೆಲ್ ರೂಮಿನವನು ಕಾದು ಕಾದು ಆನ್ ಮಾಡಿಬಿಟ್ಟಾನೆಂದು ಪದ್ಧತಿಯಂತೆ ಮತ್ತೊಂದು ರಿಂಗು ಕೊಟ್ಟು ಇಟ್ಟೆ.

ಬೆಲ್ಟು ಓಡಿತು.

ನಾನು ಗುಂಡಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಬಕೆಟ್ಟುಗಳು ಒಂದರ ಹಿಂದೊಂದು ಮೇಲಕ್ಕೆ ಹೋದವು. ಪ್ಯಾನೆಲ್ ರೂಮಿಗೆ ಹೋದೆ.

“ಯಾಕಯ್ಯ ಓಡುಸ್ದೆ?”

“ನೀನೇ ಎರಡು ಕೊಟ್ಯಲ್ಲಣ್ಣ.”

“ನಾನು ಒಂದೇ ಕೊಟ್ಟಿದ್ದು.”

ಅವನು ಹಾರ್ನಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಮೋಟಾರು ಆಫ್ ಮಾಡಿ ಸ್ಟೂಲಿನ ಮೇಲೆ ಕೂತುಬಿಟ್ಟ. “ಅಂಗಾದ್ರೆ ಅವತ್ತೂ...” ಎಂದ.

ಆ ಮಧ್ಯಾಹ್ನವೆಲ್ಲ ಇಬ್ಬರೂ ಅದನ್ನೇ ಮಾಡಿದೆವು. ನಾನು ಗುಂಡಿಯಿಂದ ಒಂದು ಕೊಡುವುದು, ಅವನು ಅಲ್ಲಿ ಎಣಿಸಿ ಬಾಗಿಲಾಚೆ ಬಂದು ಬೆರಳು ತೋರಿಸುವುದು. ಹೆಚ್ಚಿನ ಸಲ ಒಂದು ಒಂದಾಗಿಯೇ ಹೋಯಿತು. ಆಗೊಮ್ಮೆ ಈಗೊಮ್ಮೆ ಮಾತ್ರ ಅವನು ಎರಡು ಬೆರಳು ಎತ್ತುತ್ತಿದ್ದ. ನನ್ನ ಕಿವಿಯಲ್ಲಿ ಒಂದೇ. ಸದಾ ತಪ್ಪಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅಪರೂಪಕ್ಕೆ ತಪ್ಪುವುದು ಎಲ್ಲಕ್ಕಿಂತ ಕೆಟ್ಟದ್ದು.

ಎಂಜಿನಿಯರಿಗೆ ಫೋನು ಮಾಡಿದೆ. ಅವರು ಬಂದರು, ನೋಡಿದರು, ಬೆಚ್ಚಿಬೀಳಲಿಲ್ಲ. ಅವರಿಗೆ ಇದು ಗೊತ್ತಿದ್ದದ್ದೇ.

“ನಿಮ್ಮ ಕಿವೀಲಿ ಕೇಳೋ ರಿಂಗು ಆ ಕಡೆ ಬಡಿಯೋ ರಿಂಗಲ್ಲ ಅಣ್ಣ. ಅದು ನಿಮ್ಮ ಕೈಲಿರೋ ಫೋನೇ ಮಾಡ್ಕೊಳ್ಳೋ ಸದ್ದು. ಆ ಕಡೆ ಫೋನು ಮೊದಲು ಬಡ್ಕೊಳ್ಳೋಕೆ ಶುರು ಮಾಡಿ, ‘ಬಡೀತಾ ಇದೀನಿ’ ಅಂತ ಸುದ್ದಿ ಕಳಿಸುತ್ತೆ. ಆ ಸುದ್ದಿ ಬಂದ ಮೇಲೆ ಇದು ನಿಮಗೆ ಕೇಳಿಸುತ್ತೆ. ಇಟ್ಟಾಗಲೂ ಅಷ್ಟೇ. ‘ನಿಲ್ಲಿಸು’ ಅಂತ ಒಂದು ಸುದ್ದಿ ಹೋಗಬೇಕು. ಕ್ಯಾಮೆರಾ ಎಲ್ಲ ಸೇರಿ ಲೈನು ತುಂಬಿದ್ರೆ ಆ ಸುದ್ದಿ ದಾರೀಲಿ ಕಳೆಯುತ್ತೆ. ಮತ್ತೆ ಕಳಿಸುತ್ತೆ. ಅಷ್ಟರಲ್ಲಿ ಅಲ್ಲಿ ಇನ್ನೊಂದು ಬಡಿದಿರುತ್ತೆ.”

ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಹಾಗಿರಲಿಲ್ಲ. ಅಲ್ಲಿ ಬಡಿಯುವ ಗಂಟೆಯನ್ನೂ ಇಲ್ಲಿ ಕಿವಿಗೆ ಬರುವ ಸದ್ದನ್ನೂ ಗೋಡೆಯ ಮೇಲಿದ್ದ ಆ ಒಂದೇ ಪೆಟ್ಟಿಗೆ ಒಂದೇ ತಾಳದಲ್ಲಿ ಕೊಡುತ್ತಿತ್ತು. ಇಟ್ಟರೆ ಎರಡೂ ಒಟ್ಟಿಗೆ ಸಾಯುತ್ತಿದ್ದವು. ಜನ ನಂಬಿದ್ದು ಆ ತಾಳವನ್ನು.

“ಇದ ರಿಪೇರಿ ಮಾಡಕಾಯ್ತದಾ?” ಎಂದೆ.

“ಕೆಟ್ಟಿದ್ರೆ ತಾನೆ ರಿಪೇರಿ? ಇದು ಇರೋದೇ ಹಿಂಗೆ. ಎತ್ತಿ ಮಾತಾಡಿದ್ರೆ ಯಾವ ತೊಂದ್ರೆನೂ ಇಲ್ಲ.” ಆಮೇಲೆ ಹೇಳಿದರು, “ರಿಂಗು ಎಣಿಸಿ ಮೋಟಾರು ಹಾಕ್ತಾರೆ ಅಂತ ನಮಗೆ ಯಾರೂ ಹೇಳಲಿಲ್ಲ ಅಣ್ಣ.”

ಅದು ನಿಜ. ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ಮಿಲ್ಲಿನಲ್ಲಿ ಯಾರಿಗೂ ಅನ್ನಿಸಿಯೇ ಇರಲಿಲ್ಲ. ಸೊಂಟಕ್ಕೆ ಸೀರೆ ಸಿಕ್ಕಿಸುವುದನ್ನು ಯಾರಾದರೂ ಹೇಳುತ್ತಾರೆಯೇ?

ಎಂಜಿನಿಯರೂ ನಾನೂ ಮಾಲೀಕರ ಎದುರು ನಿಂತು ಎಲ್ಲ ಹೇಳಿದೆವು. ಅವರು ದಡ್ಡರಲ್ಲ. ಒಂದೇ ಸಲಕ್ಕೆ ಅರ್ಥವಾಯಿತು. ಎಂಜಿನಿಯರನ್ನು ಕಳಿಸಿ ನನ್ನನ್ನು ಉಳಿಸಿಕೊಂಡರು.

“ಗುಂಡಿಗೂ ಪ್ಯಾನೆಲ್ ರೂಮಿಗೂ ನಿನ್ ಹಳೇ ಲೈನೇ ಎಳ್ದ್‌ಬುಡಪ್ಪ. ನಾಳೆನೇ ಆಗ್ಲಿ.”

“ಎಳೀತೀನಿ ಯಜಮಾನ್ರೆ. ಆಯಮ್ಮನ ಕರ್ಸಿ ಒಂದು ಮಾತು ಯೋಳ್ಬುಡಿ.”

“ಏನಂತ?”

“ನಿಂದಲ್ಲ ತಪ್ಪು ಅಂತ.”

“ಮತ್ತೆ ಯಾರ್ದು ಅನ್ಲಿ? ನನ್ ಮಿಲ್ಲಿನ ಫೋನೇ ಕೈ ಕಡೀತು ಅಂತ ನಾನೇ ಯೋಳ್ಕಳ್ಳಾ? ನಾಳೆ ಲೇಬರ್ ಆಫೀಸ್ನೋರು ಬಂದು ಕೂತ್ಕತಾರೆ. ಆಸ್ಪತ್ರೆಗೆ ಸೇರುಸ್ದೋನು ನಾನು. ಕಾರಲ್ಲಿ ಊರು ಮುಟ್ಸುದೋನು ನಾನು. ಇನ್ನೇನಪ್ಪ ಬೇಕು? ಓದ ಕೈ ಬಂದದಾ?”

“ಕೈ ಬರಕಿಲ್ಲ. ಆಯಮ್ಮನ ಒಳ್ಳೆ ಎಸ್ರು ವಾಪಸ್ ಬತ್ತದೆ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ವೈರು ಎಳಿಯೋನು ವೈರು ಎಳಿ. ಅನೂರಿಂದು ಇನ್ನೂ ಅರ್ಧ ಅದೆ ಅಲ್ವಾ, ಅದ ನೋಡ್ಕೊ.”

ಮೂಲೆಯಲ್ಲಿ ಬಿದ್ದಿದ್ದ ವೈರನ್ನು ಬಿಚ್ಚಿ, ಧೂಳು ಒರೆಸಿ, ಅದೇ ಪೈಪಿನಲ್ಲಿ ಎಳೆದೆ. ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದೆ. ಒಂದು ಕೊಟ್ಟರೆ ಒಂದೇ ಹೋಯಿತು. ಕೆಲಸ ಮುಗಿಸಿ ಕೈ ತೊಳೆಯುವಾಗ ಹಮಾಲಿಯವರು ಮಾತಾಡಿಕೊಳ್ಳುವುದು ಕೇಳಿಸಿತು.

“ಆ ಎಂಗ್ಸಿಗೆ ಒಸಾ ಫೋನು ಒತ್ತಕೆ ಬರ್ನಿಲ್ಲ ಕಣ್ಲಾ. ಅದ್ಕೇ ಯಜಮಾನ್ರು ಪಾಪ ಅಳೇದ್ನೇ ಆಕುಸ್ತಾವ್ರೆ.”

ನಾನು ನನ್ನ ಕೈಯಾರೆ ಎಳೆದ ಲೈನು ಆಕೆಯ ಮೇಲಿನ ಅಪವಾದಕ್ಕೆ ಸಾಕ್ಷಿಯಾಗಿ ನಿಂತಿತ್ತು. ಯಾವನ ಮಾತಿಗೂ ನಾನು ಇಷ್ಟು ಉರಿದವನಲ್ಲ. ಹಮಾಲಿಗಳಿಗೆ ನಿಜ ಹೇಳಿದೆ. ‘ಅಂಗಾ’ ಎಂದರು, ಮೂಟೆ ಎತ್ತಿಕೊಂಡು ಹೋದರು. ನನ್ನ ಜೊತೆ ಕೌದಳ್ಳಿಗೆ ಬಾ ಎಂದು ಪ್ಯಾನೆಲ್ ರೂಮಿನವನನ್ನು ಕರೆದೆ. “ಮಕ್ಳು ಮರಿ ಅವೆ ಅಣ್ಣ, ನಾ ಬರಕಿಲ್ಲ. ನೀ ಓದ್ರೆ ನನ್ ಮಾತೂ ಸೇರ್ಸಿ ಯೋಳು,” ಎಂದ. ಅವನನ್ನು ಬೈಯಲಾಗಲಿಲ್ಲ. ನಾನು ಕೌದಳ್ಳಿಗೆ ಹೋದೆನೆಂದು ತಿಳಿದರೆ ಹನೂರಿನ ಉಳಿದ ಕೆಲಸ ಕೈಬಿಡುತ್ತದೆ ಎಂದು ನನಗೂ ಗೊತ್ತಿತ್ತು. ಹಾಗೆಯೇ ಆಯಿತು ಕೂಡ; ನಾನು ಅರ್ಧ ಎಳೆದ ಕೇಬಲನ್ನು ಬೇರೆ ಯಾರೋ ಮುಗಿಸಿದರು. ಸೊಟ್ಟಗೆ ಎಳೆದಿದ್ದಾರೆ.

ಬೆಟ್ಟದ ಬಸ್ಸು ಹತ್ತಿ ಕೌದಳ್ಳಿಯಲ್ಲಿ ಇಳಿದೆ. ಕೇಳಿದ ಕೂಡಲೇ ಮನೆ ತೋರಿಸಿದರು. “ಕೈ ಓಯ್ತಲ್ಲ, ಅವ್ರ ಮನೆಯಾ?” ಎಂದು ಕೇಳಿದ ಅಂಗಡಿಯವನು ತಾನೇ ಸೇರಿಸಿದ, “ಎಡ್ತಿ ಮಾಡ್ಬುಟ್ಲಂತೆ.” ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಬಂದಿತ್ತು.

ಗಂಡ ಜಗುಲಿಯ ಮೇಲೆ ಕೂತಿದ್ದ. ಬಲಗೈಯ ಮೇಲೆ ಟವೆಲು ಹೊದಿಸಿಕೊಂಡಿದ್ದ. ಹೆಂಡತಿ ಬಾಗಿಲ ಒಳಗೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಬನ್ನಿ ಎಂದರು, ಬೇರೆಬೇರೆಯಾಗಿ.

ನಾನು ಸುತ್ತಿ ಬಳಸಲಿಲ್ಲ. ಗುಂಡಿಯ ಅಂಚಿನಲ್ಲಿ ನಿಂತು ಒಂದು ರಿಂಗು ಕೊಟ್ಟದ್ದನ್ನೂ ಬೆಲ್ಟು ಓಡಿದ್ದನ್ನೂ ಹೇಳಿದೆ. ಪ್ಯಾನೆಲ್ ರೂಮಿನವನ ಮಾತು ಹೇಳಿದೆ. ಎಂಜಿನಿಯರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳಿದೆ. ಗುಂಡಿಯ ಕಿವಿಗೆ ಒಂದು, ಪ್ಯಾನೆಲ್ ರೂಮಿನ ಕಿವಿಗೆ ಎರಡು, ಇಬ್ಬರದೂ ಸುಳ್ಳಲ್ಲ ಎಂದೆ. ಆಕೆ ಮೊರ ನಿಲ್ಲಿಸಲಿಲ್ಲ. ಆದರೆ ಸದ್ದು ಬರದಂತೆ ಮೆಲ್ಲಗೆ ಆಡಿಸುತ್ತಿದ್ದಳು.

“ನೀವೇ ಕಣ್ಣಾರ ನೋಡುದ್ರಾ?” ಎಂದ ಗಂಡ.

“ನಾನೇ ನೋಡ್ದೆ.”

“ಒಂದು ಕೊಟ್ಟುದ್ಕೆ ಓಡ್ತಾ?”

“ಓಡ್ತು ಕನಪ್ಪ.”

ಅವನು ಟವೆಲಿನ ಮೇಲೆ ಎಡಗೈ ಇಟ್ಟುಕೊಂಡು ರಸ್ತೆ ನೋಡಿದ. ಬೆಟ್ಟಕ್ಕೆ ಹೋಗುವ ಬಸ್ಸೊಂದು ಹೋಯಿತು. ಆಮೇಲೆ, “ಅಂಗಾದ್ರೆ ಇವಳ್ದಲ್ಲ,” ಎಂದ. ನನಗೆ ಹೇಳಿದನೋ ತನಗೆ ಹೇಳಿಕೊಂಡನೋ.

ಬಂದ ಕೆಲಸ ಆಯಿತು ಎಂದುಕೊಂಡು ಆಕೆಯ ಕಡೆ ನೋಡಿದೆ. ಅತ್ತಾಳು, ಇಲ್ಲವೇ ಕೈಮುಗಿದಾಳು ಎಂದುಕೊಂಡಿದ್ದೆನೇನೋ. ಆಕೆ ಹುರುಳಿಯಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

“ಅಮ್ಮಿ,” ಎಂದ ಅವನು, “ಅಣ್ಣನ್ಗೆ ಊಟುಕ್ಕಿಕ್ಕು.”

ಮೊರ ನಿಂತಿತು.

“ನಂಗಾ ಯೋಳ್ತಿರದು?”

ಆಕೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

“ಅವತ್ತಿಂದ ಇವತ್ತೇ ಅಣ್ಣ ನನ್ನ ಕೂಟೆ ಮಾತಾಡ್ತಿರದು. ನಾ ಆಸ್ಪತ್ರೇಲಿ ಯೋಳ್ದಿ, ಕಾರಲ್ಲಿ ಯೋಳ್ದಿ, ಇದೇ ಜಗುಲೀಲಿ ಕಾಲಿಡ್ಕಂಡು ಯೋಳ್ದಿ. ಒಂದೇ ಕೊಟ್ಟಿದ್ದು, ಒಂದೇ ಕೊಟ್ಟಿದ್ದು ಅಂತ. ಇಷ್ಟ್ ವರ್ಸ ಇವ್ನ ಜೀವ ನನ್ ಬೆರಳಲ್ಲಿತ್ತು. ನಾ ಒಂದ್ ದಪನಾದ್ರೂ ತಪ್ಪಿದ್ನಾ? ನೀವು ಬಂದು ಫೋನು ಅಂಗೆ, ಫೋನು ಇಂಗೆ ಅಂದ್ರಿ. ನಿಮ್ ಮಾತ ನಂಬುದ.”

“ಅಂಗಲ್ಲ ಕಣಮ್ಮಿ...”

“ನೀವು ಬರ್ದೇ ಇದ್ದಿದ್ರೆ?” ಎಂದು ನನ್ನನ್ನೇ ಕೇಳಿದಳು.

ಆಕೆ ಎದ್ದು ಒಳಗೆ ಹೋದಳು. ಎರಡು ತಟ್ಟೆ ತಂದಿಟ್ಟಳು. ಮುದ್ದೆ ಇಕ್ಕಿ, ಹುರುಳಿಸಾರು ಬಿಟ್ಟಳು. ಅವನು ಎಡಗೈಯಲ್ಲಿ ಮುರಿಯುವುದನ್ನು ಇನ್ನೂ ಕಲಿಯುತ್ತಿದ್ದ. ಮುದ್ದೆ ಜಾರಿ ತಟ್ಟೆಯ ಅಂಚಿಗೆ ಹೋಗುತ್ತಿತ್ತು. ಆಕೆ ಪ್ರತಿ ಸಲವೂ ಅದನ್ನು ನಡುವಿಗೆ ಸರಿಸಿ ಕೊಡುತ್ತಿದ್ದಳು, ಮುಖ ನೋಡದೆ. ಸಾರು ಬಿಡುವಾಗ ಅವನು “ಸಾಕು” ಎಂದ. ಆಕೆ ಕೇಳಿಸದವಳಂತೆ ತುಂಬ ಬಿಟ್ಟು, ನನ್ನ ತಟ್ಟೆಯ ಕಡೆ ತಿರುಗಿದಳು.